ಎರಡು ಎಂಜಿನ್ ಇದ್ದೂ ಬೀಳುವ ವಿಮಾನಗಳು

2023ರ ಜೂನ್ 1ರಂದು ಚಾಮರಾಜನಗರ ತಾಲ್ಲೂಕಿನ ಭೋಗಾಪುರದ ಬಳಿ ವಾಯುಪಡೆಯ ಕಿರಣ್ ತರಬೇತಿ ವಿಮಾನವೊಂದು ಬಯಲಿಗೆ ಬಿದ್ದು ಸುಟ್ಟುಹೋಯಿತು. ಒಳಗಿದ್ದ ಇಬ್ಬರು ಪೈಲಟ್‌ಗಳೂ ಸಮಯಕ್ಕೆ ಸರಿಯಾಗಿ ಹೊರಚಿಮ್ಮಿ, ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡರು. ಕಿರಣ್ ಒಂದೇ ಜೆಟ್ ಎಂಜಿನ್‌ನ ವಿಮಾನ. ಇಂಥ ಸುದ್ದಿ ಬಂದಾಗಲೆಲ್ಲ, ಕಾರಣ ಏನೇ ಇರಲಿ, ಇನ್ನೊಂದು ಎಂಜಿನ್ ಇದ್ದಿದ್ದರೆ ವಿಮಾನ ಉಳಿಯುತ್ತಿತ್ತು ಎಂಬ ಮಾತು ಬಂದೇ ಬರುತ್ತದೆ. ಬಾಡಿಗೆ ವಿಮಾನ ಹತ್ತುವ ರಾಜಕಾರಣಿಯಿಂದ ಹಿಡಿದು ಮಗನನ್ನೋ ಮಗಳನ್ನೋ ಪೈಲಟ್ ತರಬೇತಿಗೆ ಕಳಿಸುವ ತಂದೆ ತಾಯಿಯವರೆಗೆ ಎಲ್ಲರಲ್ಲೂ ಈ ನಂಬಿಕೆ ಇದೆ. ಸಣ್ಣ ವಿಮಾನಗಳ ಅಪಘಾತಗಳ ಚರಿತ್ರೆ ಅದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಎರಡನೆಯ ಎಂಜಿನ್ ಪೈಲಟ್‌ಗೆ ಒಂದು ಅವಕಾಶ ಕೊಡುತ್ತದೆ, ನಿಜ. ಆದರೆ ಎತ್ತರ, ವೇಗ, ತೂಕ ಮತ್ತು ಅಭ್ಯಾಸ ಈ ನಾಲ್ಕೂ ಕೂಡಿ ಬಂದಾಗ ಮಾತ್ರ ಆ ಅವಕಾಶ ಕೈಗೆ ಸಿಗುತ್ತದೆ. ಕೂಡಿ ಬರದಿದ್ದರೆ ಅದೇ ಎಂಜಿನ್ ವಿಮಾನವನ್ನು ಮಗುಚಿ ಹಾಕಬಲ್ಲದು.

ಕಾರಣ ಸರಳ ಲೆಕ್ಕದಲ್ಲಿದೆ. ಎರಡೂ ಎಂಜಿನ್‌ಗಳ ಒಟ್ಟು ಶಕ್ತಿಯನ್ನು 100 ಪಾಲು ಎಂದುಕೊಳ್ಳೋಣ. ಅದರಲ್ಲಿ ಸುಮಾರು 40 ಪಾಲು ವಿಮಾನವನ್ನು ಇದ್ದ ಎತ್ತರದಲ್ಲೇ ಹಿಡಿದಿಡಲು ಖರ್ಚಾಗುತ್ತದೆ ಎನ್ನಿ. ಉಳಿದ 60 ಪಾಲು ಮೇಲೇರಲು. ಒಂದು ಎಂಜಿನ್ ನಿಂತರೆ ಕೈಯಲ್ಲಿ ಉಳಿಯುವುದು 50. ಅದರಲ್ಲಿ 40 ಕಳೆದರೆ ಏರಲು 10 ಪಾಲು ಮಾತ್ರ. ಅಂದರೆ ಹೋದದ್ದು ಅರ್ಧ ಶಕ್ತಿಯಾದರೂ, ಏರುವ ಸಾಮರ್ಥ್ಯದಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಹೋಗಿರುತ್ತದೆ. ಉಳಿದ ಆ ಚೂರನ್ನೂ ನಿಂತ ಎಂಜಿನ್ನಿನ ಪ್ರೊಪೆಲರ್ ಗಾಳಿಗೆ ಅಡ್ಡವಾಗಿ ಸುತ್ತುತ್ತಾ ನುಂಗಿಬಿಡಬಹುದು. ಜೊತೆಗೆ ಇನ್ನೊಂದು ತೊಡಕು. ಹೆಚ್ಚಿನ ಲಘು ವಿಮಾನಗಳಲ್ಲಿ ಎಂಜಿನ್‌ಗಳು ಎರಡು ರೆಕ್ಕೆಗಳ ಮೇಲಿರುತ್ತವೆ. ಜೋಡೆತ್ತಿನ ಗಾಡಿಯಲ್ಲಿ ಒಂದು ಎತ್ತು ಕುಸಿದು ಇನ್ನೊಂದು ಓಡುತ್ತಲೇ ಇದ್ದರೆ ಗಾಡಿ ಪಕ್ಕಕ್ಕೆ ತಿರುಗುವಂತೆ, ವಿಮಾನವೂ ಸತ್ತ ಎಂಜಿನ್ನಿನ ಕಡೆಗೆ ತಿರುಚಿಕೊಳ್ಳುತ್ತದೆ. ಪೈಲಟ್ ಬಾಲದ ರಡ್ಡರ್ ಒತ್ತಿ ಅದನ್ನು ತಡೆಯಬೇಕು. ರಡ್ಡರ್‌ಗೆ ಬಲ ಬರುವುದು ಮೇಲೆ ಹಾಯುವ ಗಾಳಿಯಿಂದ. ವೇಗ ಒಂದು ಮಿತಿಗಿಂತ ಇಳಿದರೆ ಅದಕ್ಕೆ ತಡೆಯುವ ಶಕ್ತಿ ಸಾಲುವುದಿಲ್ಲ. ವಿಮಾನ ಮಗ್ಗುಲಾಗಿ ತಲೆಕೆಳಗಾಗುತ್ತದೆ. ಆ ಮಿತಿಯನ್ನು ವೇಗಮಾಪಕದ ಮೇಲೆ ಕೆಂಪು ಗೆರೆಯಿಂದ ಗುರುತಿಸಿರುತ್ತಾರೆ. ಒಂದೇ ಎಂಜಿನ್ನಿನಲ್ಲಿ ಚೆನ್ನಾಗಿ ಏರುವ ವೇಗಕ್ಕೆ ನೀಲಿ ಗೆರೆ. ಈ ಎರಡು ಗೆರೆಗಳ ನಡುವಿನ ಕಿರಿದಾದ ಜಾಗದಲ್ಲೇ ಅನೇಕರ ಪ್ರಾಣ ಹೋಗಿದೆ.

ಈ ಲೆಕ್ಕವನ್ನು ನಮ್ಮ ನೆಲಕ್ಕೆ ತಂದು ನೋಡಬೇಕು. ಚಾಮರಾಜನಗರ ಸಮುದ್ರಮಟ್ಟದಿಂದ ಸುಮಾರು 2,170 ಅಡಿ ಎತ್ತರದಲ್ಲಿದೆ. ಗುಂಡ್ಲುಪೇಟೆ ಸುಮಾರು 2,670 ಅಡಿ. ಬಿಸಿ ಗಾಳಿ ತೆಳುವಾಗುವುದರಿಂದ, 35 ಡಿಗ್ರಿ ದಾಟಿದ ಏಪ್ರಿಲ್ ಮಧ್ಯಾಹ್ನ ಇಲ್ಲಿನ ನೆಲಮಟ್ಟದ ಗಾಳಿಯೇ ವಿಮಾನದ ಪಾಲಿಗೆ 5,000 ಅಡಿಗೂ ಮೇಲಿನ ಗಾಳಿಯಷ್ಟು ತೆಳು. ಈಗ ಪೈಪರ್ ಸೆಮಿನೋಲ್ ಎಂಬ ನಾಲ್ಕು ಆಸನದ ವಿಮಾನವನ್ನು ತೆಗೆದುಕೊಳ್ಳಿ. ಎರಡು ಎಂಜಿನ್ ತರಬೇತಿಗೆ ಜಗತ್ತಿನಾದ್ಯಂತ ಬಳಸುವ ವಿಮಾನ ಅದು. ಒಂದೊಂದು ಎಂಜಿನ್‌ಗೂ 180 ಅಶ್ವಶಕ್ತಿ. ಪೂರ್ತಿ ತೂಕದಲ್ಲಿ ಒಂದೇ ಎಂಜಿನ್ನಿನ ಮೇಲೆ ಅದು ನೆಚ್ಚಿಕೊಳ್ಳಬಹುದಾದ ಎತ್ತರ 4,000 ಅಡಿಯ ಆಸುಪಾಸು. ಅಂಥ ಮಧ್ಯಾಹ್ನ ಗುಂಡ್ಲುಪೇಟೆಯ ಮೇಲೆ ಒಂದು ಎಂಜಿನ್ ನಿಂತರೆ, ಪೈಲಟ್ ಎಲ್ಲವನ್ನೂ ಸರಿಯಾಗಿ ಮಾಡಿದರೂ ವಿಮಾನ ನಿಧಾನವಾಗಿ ಇಳಿಯುತ್ತಲೇ ಹೋಗುತ್ತದೆ. ಸುತ್ತ ಏನಿದೆ? ಹಿಮವದ್ ಗೋಪಾಲಸ್ವಾಮಿ ಬೆಟ್ಟ 1,454 ಮೀಟರ್, ಅಂದರೆ ಸುಮಾರು 4,770 ಅಡಿ. ಬಿಳಿಗಿರಿರಂಗನ ಬೆಟ್ಟ 5,000 ಅಡಿ ದಾಟುತ್ತದೆ. ಬಂಡೀಪುರದ ಆಚೆಗೆ ನೀಲಗಿರಿ ಎದ್ದು ನಿಂತಿದೆ. ದೊಡ್ಡಬೆಟ್ಟ 2,637 ಮೀಟರ್. ಉಳಿದ ಎಂಜಿನ್ ಇಲ್ಲಿ ಮಾಡಬಲ್ಲದ್ದು ಒಂದೇ: ಇಳಿಯುವ ವೇಗ ತಗ್ಗಿಸಿ, ಮೈಸೂರಿನ ಮಂಡಕಳ್ಳಿ ನಿಲ್ದಾಣದ ಕಡೆಗೆ ಬಯಲ ಮೇಲೆ ಹಿಂದಿರುಗಲು ಸಮಯ ಕೊಡುವುದು. ಅದೇನು ಸಣ್ಣ ಉಪಕಾರವಲ್ಲ. ಆದರೆ ಟಿಕೆಟ್ ಕೊಂಡವರು, ಬಾಡಿಗೆ ಕಟ್ಟಿದವರು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಭರವಸೆ ಇದಲ್ಲ.

ಇದು ಕಾನೂನಿಗೆ ವಿರುದ್ಧವಾದ ಕೊರತೆಯೂ ಅಲ್ಲ. ಈ ವಿಮಾನಗಳು ರೂಪುಗೊಂಡ ಕಾಲದ ಅಮೆರಿಕದ ಪ್ರಮಾಣೀಕರಣ ನಿಯಮ, 2,722 ಕಿಲೊ ಒಳಗಿನ, ಕಡಿಮೆ ವೇಗದಲ್ಲಿ ಇಳಿಯಬಲ್ಲ ಅವಳಿ ಎಂಜಿನ್ ವಿಮಾನ ಒಂದೇ ಎಂಜಿನ್‌ನಲ್ಲಿ ಏರಲೇಬೇಕು ಎಂದು ಕೇಳಿರಲಿಲ್ಲ. ಏರುತ್ತದೋ ಇಳಿಯುತ್ತದೋ ಅಳೆದು ಕೈಪಿಡಿಯಲ್ಲಿ ನಮೂದಿಸಿದರೆ ಸಾಕಿತ್ತು. ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಹಾಗಿಲ್ಲ. ಟೇಕಾಫ್ ನಡುವೆ ಎಂಜಿನ್ ನಿಂತರೂ ಅವು ಏರುತ್ತವೆಂದು ತಯಾರಕರು ತೋರಿಸಿಕೊಡಬೇಕು. ಎರಡಕ್ಕೂ ಎರಡೇ ಎಂಜಿನ್ ಇರುವುದರಿಂದ ನಾವು ದೊಡ್ಡದರ ಭದ್ರತೆಯನ್ನು ಚಿಕ್ಕದರ ಮೇಲೂ ಹೊರಿಸಿಬಿಡುತ್ತೇವೆ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ, ಎಂಜಿನ್ ನಿಂತ ನಂತರ ಲಘು ಅವಳಿ ವಿಮಾನಗಳಿಗೆ ಆಗುವ ಅಪಘಾತಗಳನ್ನು 1970ರ ದಶಕದಲ್ಲೇ ಪ್ರತ್ಯೇಕವಾಗಿ ಅಧ್ಯಯನ ಮಾಡಿತ್ತು. ಎಂಜಿನ್ ಕೈಕೊಟ್ಟು ಆದ ಅಪಘಾತಗಳನ್ನು ಹೋಲಿಸಿದರೆ, ಒಂಟಿ ಎಂಜಿನ್ನಿನವುಗಳಿಗಿಂತ ಅವಳಿ ಎಂಜಿನ್ನಿನವುಗಳಲ್ಲಿ ಸಾವಿನ ಪ್ರಮಾಣ ಹೆಚ್ಚು ಎಂಬುದು ಅದರ ಕಳವಳದ ಸಂಗತಿ. ಒಂಟಿ ಎಂಜಿನ್ ನಿಂತಾಗ ಪೈಲಟ್‌ಗೆ ಬೇರೆ ದಾರಿಯಿಲ್ಲ. ಮೂತಿ ತಗ್ಗಿಸಿ ಹೊಲವನ್ನೋ ರಸ್ತೆಯನ್ನೋ ಹುಡುಕಿ, ವಿಮಾನ ಹತೋಟಿಯಲ್ಲಿರುವಾಗಲೇ ಇಳಿಸುತ್ತಾನೆ. ಎರಡನೆಯದು ಓಡುತ್ತಿದ್ದರೆ ಏರಿಯೇ ತೀರುತ್ತೇನೆಂದು ಮೂತಿ ಎತ್ತುತ್ತಾನೆ, ವೇಗ ಕೆಂಪು ಗೆರೆಗೆ ಇಳಿಯುತ್ತದೆ.

ಕರ್ನಾಟಕದ ಮಟ್ಟಿಗೆ ಈ ವಿಷಯದ ಅತ್ಯಂತ ನೋವಿನ ಅಧ್ಯಾಯ ಬೆಂಗಳೂರಿನ ಸಾರಸ್. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ, 14 ಆಸನಗಳ, ಎರಡು ಟರ್ಬೊಪ್ರಾಪ್ ಎಂಜಿನ್‌ಗಳ ವಿಮಾನ ಅದು. ಮೊದಲ ಮಾದರಿ ಹಾರಿದ್ದು 2004ರ ಮೇ ತಿಂಗಳಲ್ಲಿ. 2009ರ ಮಾರ್ಚ್ 6ರಂದು ಎರಡನೆಯ ಮಾದರಿ ಬಿಡದಿಯ ಬಳಿ ಶೇಷಗಿರಿಹಳ್ಳಿಯಲ್ಲಿ ನೆಲಕ್ಕಪ್ಪಳಿಸಿತು. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ಮೂವರೂ ಸತ್ತರು. ಅಂದಿನ ಕೆಲಸ, ಹಾರಾಟದ ನಡುವೆ ಒಂದು ಎಂಜಿನ್ನನ್ನು ಬೇಕೆಂದೇ ನಿಲ್ಲಿಸಿ ಮತ್ತೆ ಹೊತ್ತಿಸಿ ನೋಡುವುದು. ವಿನ್ಯಾಸಕಾರರು ರೂಪಿಸಿದ ಮರುಚಾಲನೆಯ ವಿಧಾನವೇ ತಪ್ಪಾಗಿತ್ತು, ಅದನ್ನು ಸಾಲದ ಎತ್ತರದಲ್ಲಿ ಬಳಸಿದ್ದರಿಂದ ವಿಮಾನ ಬೇಗ ಎತ್ತರ ಕಳೆದುಕೊಂಡು ಅಸಹಜವಾಗಿ ವರ್ತಿಸಿತು ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ತನಿಖೆ ಹೇಳಿತು. ಪ್ರೊಪೆಲರ್ ತಯಾರಕರನ್ನು ಕೇಳದೆ ಆ ವಿಧಾನ ಸಿದ್ಧಪಡಿಸಿದ್ದನ್ನೂ ಅದು ಎತ್ತಿ ತೋರಿಸಿತು. ವಿಮಾನ ನಡೆಸುತ್ತಿದ್ದವರು ಪಳಗಿದ ಪರೀಕ್ಷಾ ಪೈಲಟ್‌ಗಳು. ಸಾರಸ್‌ನ ಎಂಜಿನ್‌ಗಳು ರೆಕ್ಕೆಯ ಮೇಲಿರದೆ ಬಾಲದ ಹತ್ತಿರ, ಒಡಲಿಗೆ ಸಮೀಪ ಇದ್ದವು. ಹಾಗಿದ್ದೂ, ಒಂದು ಎಂಜಿನ್ ಕೈಯಲ್ಲಿ ಉಳಿದಿದ್ದರೂ ಯಾರೂ ಉಳಿಯಲಿಲ್ಲ.

ಸಾರಸ್ ಪ್ರಯೋಗದ ವಿಮಾನ, ಅದನ್ನು ಸಾಮಾನ್ಯ ಹಾರಾಟದ ಲೆಕ್ಕಕ್ಕೆ ಹಿಡಿಯಬಾರದು ಎಂದು ಯಾರಾದರೂ ಹೇಳಿಯಾರು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಪರೀಕ್ಷಾ ಹಾರಾಟದ ಅಪಾಯವನ್ನು ಯಾವ ಪ್ರಯಾಣಿಕನೂ ಹೊರುವುದಿಲ್ಲ. ಆದರೆ ಆ ದಿನದ ಸರಪಳಿಯ ಕೊಂಡಿಗಳನ್ನು ನೋಡಿ. ಎಂಜಿನ್ನನ್ನು ಬೇಕೆಂದೇ ನಿಲ್ಲಿಸುವುದು, ಮರುಚಾಲನೆಯ ತಪ್ಪು ವಿಧಾನ, ಸಾಲದ ಎತ್ತರ. ಎರಡು ಎಂಜಿನ್ ವಿಮಾನದ ಪರವಾನಗಿ ಪಡೆಯುವ ಪ್ರತಿ ವಿದ್ಯಾರ್ಥಿಯೂ ಒಂದು ಎಂಜಿನ್ ನಿಂತಂತೆ ಅಭ್ಯಾಸ ಮಾಡಲೇಬೇಕು. ಕೆಳಮಟ್ಟದಲ್ಲಿ ನಡೆದ ಇಂಥ ಅಭ್ಯಾಸಗಳೇ ಬೋಧಕ ಮತ್ತು ವಿದ್ಯಾರ್ಥಿ ಇಬ್ಬರನ್ನೂ ಬಲಿ ತೆಗೆದುಕೊಂಡ ಪ್ರಕರಣಗಳು ಹಲವು ದೇಶಗಳಲ್ಲಿ ಆಗಿವೆ.

ಎಂಜಿನ್ ಚೆನ್ನಾಗಿಯೇ ಓಡುತ್ತಿದ್ದಾಗ ಬಿದ್ದ ವಿಮಾನಗಳ ಕಥೆ ಇನ್ನೊಂದು. 2015ರ ಡಿಸೆಂಬರ್ 22ರಂದು ಗಡಿ ಭದ್ರತಾ ಪಡೆಯ ಕಿಂಗ್ ಏರ್ ಎಂಬ ಅವಳಿ ಎಂಜಿನ್ ವಿಮಾನ ದೆಹಲಿಯಿಂದ ರಾಂಚಿಗೆ ಹೊರಟು, ದ್ವಾರಕಾ ಬಳಿ ಬಿದ್ದು, 10 ಮಂದಿ ಸತ್ತರು. ಮಂಜು ಮುಸುಕಿದ ಬೆಳಿಗ್ಗೆ, ನೆಲ ಬಿಟ್ಟ ತಕ್ಷಣವೇ ದಿಕ್ಕು ಹಿಡಿಯುವ ಆಯ್ಕೆ ಮಾಡದೆ ಆಟೊಪೈಲಟ್ ಹಾಕಿದ್ದರಿಂದ ವಿಮಾನ ಎಡಕ್ಕೆ ವಾಲುತ್ತಾ ಹೋಯಿತು, ಪೈಲಟ್‌ಗಳು ಅದನ್ನು ಸರಿಪಡಿಸಲಿಲ್ಲ ಎಂದು ತನಿಖೆ ಹೇಳಿತು. ಕಾಂಗ್ರೆಸ್ ನಾಯಕ ಮಾಧವರಾವ್ ಸಿಂಧಿಯಾ ಸೇರಿ ಎಂಟು ಮಂದಿಯಿದ್ದ ಕಿಂಗ್ ಏರ್ 2001ರ ಸೆಪ್ಟೆಂಬರ್ 30ರಂದು ಉತ್ತರ ಪ್ರದೇಶದ ಮೈನ್‌ಪುರಿ ಬಳಿ ಬಿದ್ದದ್ದು ಕೆಟ್ಟ ಹವೆಯಲ್ಲಿ. ಕಿಂಗ್ ಏರ್ ಸೆಮಿನೋಲ್‌ನಂಥ ಬಡ ವಿಮಾನವಲ್ಲ. ಒಂದೇ ಎಂಜಿನ್‌ನಲ್ಲಿ ಗಟ್ಟಿಯಾಗಿ ಏರಬಲ್ಲದು. ಅದರ ಶಕ್ತಿ ಈ ಎರಡು ದಿನ ಉಪಯೋಗಕ್ಕೆ ಬರಲಿಲ್ಲ. ಗುಂಡ್ಲುಪೇಟೆಯವರಿಗೆ ಮುಂಗಾರಿನ ಮೋಡ ಹೇಗೆ ಬೆಟ್ಟದ ಮೇಲೆ ಕೂತು ತುದಿಯನ್ನೇ ಮರೆಸುತ್ತದೆಂದು ಹೇಳಿಕೊಡಬೇಕಿಲ್ಲ. ಅಂಥ ಮೋಡದೊಳಗೆ ನುಗ್ಗಿದವರಿಗೆ ಎರಡು ಎಂಜಿನ್ ಯಾವ ದಾರಿಯನ್ನೂ ತೋರಿಸುವುದಿಲ್ಲ.

ಹಾಗಾದರೆ ಒಂದೇ ಎಂಜಿನ್ ವಾಸಿಯೇ? ಹಾಗೆ ಹೇಳುವುದು ಇನ್ನೊಂದು ತಪ್ಪು. 2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಏರಿದ ಕೆಲವೇ ಕ್ಷಣಗಳಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಕ್ಕೆ ಬಿದ್ದು ನಟಿ ಸೌಂದರ್ಯ ಸೇರಿ ನಾಲ್ವರನ್ನು ಕೊಂದ ಸೆಸ್ನಾ 180 ಒಂಟಿ ಎಂಜಿನ್ನಿನದೇ. ಅಷ್ಟು ಕಡಿಮೆ ಎತ್ತರದಲ್ಲಿ ಎಡವಿದರೆ ಒಂದಾದರೂ ಎರಡಾದರೂ ಸಮಯ ಸಿಗುವುದಿಲ್ಲ. ಸಾಕಷ್ಟು ಎತ್ತರದಲ್ಲಿ, ರಾತ್ರಿಯಲ್ಲಿ, ಬಂಡೀಪುರದಂಥ ಕಾಡಿನ ಮೇಲೆ ಹಾರುವಾಗ ಎರಡನೆಯ ಎಂಜಿನ್ ನಿಜವಾದ ವರ. ಅದನ್ನು ಅನುಭವಿಸುವ ಕೌಶಲ ಹಾರುವವನಲ್ಲಿ ಇದೆಯೇ ಎಂಬುದಷ್ಟೇ ಪ್ರಶ್ನೆ. ಆ ಕೌಶಲ ಬಳಸದಿದ್ದರೆ ತುಕ್ಕು ಹಿಡಿಯುತ್ತದೆ. 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಟ್ರಾನ್ಸ್‌ಏಷ್ಯಾ ಸಂಸ್ಥೆಯ ಎಟಿಆರ್ 72 ವಿಮಾನದ ಒಂದು ಎಂಜಿನ್ ಶಕ್ತಿ ಕಳೆದುಕೊಂಡಾಗ, ಗಾಬರಿಯಲ್ಲಿ ಪೈಲಟ್ ನಿಲ್ಲಿಸಿದ್ದು ಸರಿಯಾಗಿದ್ದ ಇನ್ನೊಂದನ್ನು. 43 ಮಂದಿ ಸತ್ತರು. ಅದು ಲಘು ವಿಮಾನವಲ್ಲ, ನಿಯಮಿತ ತರಬೇತಿಯಿರುವ ಸಂಸ್ಥೆಯ ವಿಮಾನ. ಅಲ್ಲೇ ಹೀಗಾದರೆ, ಅಪರೂಪಕ್ಕೊಮ್ಮೆ ಹಾರುವ ಬಾಡಿಗೆ ವಿಮಾನದಲ್ಲಿ ಏನಾದೀತು?

ಪೈಲಟ್ ತಪ್ಪು ಎಂದು ಷರಾ ಬರೆದು ಕಡತ ಮುಚ್ಚುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಸತ್ತವರು ಉತ್ತರ ಕೊಡಲಾರರು. ಏರಲಾರದ ವಿಮಾನಕ್ಕೆ ಮುದ್ರೆ ಒತ್ತಿದ ನಿಯಮ, ತಪ್ಪು ವಿಧಾನ ಬರೆದ ಮೇಜು, ಮೋಡ ಕಂಡರೂ ಹೊರಡಲೇಬೇಕೆಂದು ಒತ್ತಾಯಿಸುವ ಗಣ್ಯ, ಸಿಮ್ಯುಲೇಟರ್ ಖರ್ಚು ಉಳಿಸುವ ಮಾಲೀಕ, ಇವರೆಲ್ಲರ ಪಾಲೂ ಆ ತಪ್ಪಿನಲ್ಲಿರುತ್ತದೆ.

ಆದ್ದರಿಂದ ಕೇಳುವವರು ಕೇಳಬೇಕು. ಮೈಸೂರು, ಚಾಮರಾಜನಗರ ಕಡೆಯಿಂದ ಮಕ್ಕಳನ್ನು ಲಕ್ಷಾಂತರ ರೂಪಾಯಿ ಕಟ್ಟಿ ವಿಮಾನ ತರಬೇತಿಗೆ ಸೇರಿಸುವ ಪೋಷಕರು ಶಾಲೆಯನ್ನು ಮೂರು ಪ್ರಶ್ನೆ ಕೇಳಿ: ಎಂಜಿನ್ ನಿಲ್ಲಿಸುವ ಅಭ್ಯಾಸ ಎಷ್ಟು ಎತ್ತರದಲ್ಲಿ ಮಾಡಿಸುತ್ತೀರಿ, ಅದಕ್ಕೆ ಮೊದಲು ಸಿಮ್ಯುಲೇಟರ್‌ನಲ್ಲಿ ಎಷ್ಟು ಗಂಟೆ ಕಳೆಸುತ್ತೀರಿ, ಬಿಸಿಲಿನ ಮಧ್ಯಾಹ್ನ ತೂಕದ ಲೆಕ್ಕ ಯಾರು ನೋಡುತ್ತಾರೆ? ಸಭೆ ಸಮಾರಂಭಕ್ಕೆ ವಿಮಾನ ಬಾಡಿಗೆ ಹಿಡಿಯುವವರು, ಇವತ್ತು ಹಾರುವುದು ಬೇಡ ಎಂದು ಪೈಲಟ್ ಹೇಳಿದರೆ ಮರುಮಾತಾಡದೆ ಕಾರು ತರಿಸಿಕೊಳ್ಳಿ.