ಲೋಭವೂ ಸ್ವಾರ್ಥವೂ ಒಂದೆಯೆ?

ಆಯ್ದಕ್ಕಿ ಮಾರಯ್ಯನ ಚರಿತ್ರೆಯನ್ನು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಎದ್ದುನಿಂತು, "ನೆಲಕ್ಕೆ ಬಿದ್ದ ಅಕ್ಕಿಗೆ ಒಡೆಯನಾರು? ಮಾರಯ್ಯನು ಹೆಚ್ಚಾಗಿ ಆಯ್ದುದರಿಂದ ಯಾರಿಗೇನು ನಷ್ಟವಾಯಿತು?" ಎಂದು ಕೇಳಿದನು. ಪ್ರಶ್ನೆ ಉದ್ಧಟತನದ್ದಲ್ಲ, ವಿಚಾರಯೋಗ್ಯವಾದುದು.

ಕಥೆ ಸರ್ವವಿದಿತ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಾಯಕವೆಂದರೆ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ದಾಸೋಹ ನಡೆಸುವುದು. ಒಂದು ದಿನ ಮಾರಯ್ಯನು ವಾಡಿಕೆಗಿಂತ ಹೆಚ್ಚು ತಂದನು. ಶರಣೆ ಲಕ್ಕಮ್ಮ ಅದನ್ನು ಅಡುಗೆಗೆ ತೆಗೆದುಕೊಳ್ಳದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಗಂಡನು ಕದ್ದನೆಂದು ಆಕೆ ಎಲ್ಲಿಯೂ ಹೇಳಲಿಲ್ಲ. ನಿನ್ನೆಯವರೆಗೆ ಅಗತ್ಯವಿದ್ದಷ್ಟಕ್ಕೆ ನಿಲ್ಲುತ್ತಿದ್ದ ಕೈ ಈ ದಿನ ನಿಲ್ಲದೆಹೋದುದನ್ನು ಮಾತ್ರ ಕಂಡಳು.

ಇಲ್ಲಿ ಶಬ್ದಾರ್ಥವನ್ನು ಪರಿಶೀಲಿಸುವುದು ಉಚಿತ. ಸ್ವಾರ್ಥವೆಂದರೆ ತನ್ನ ಪ್ರಯೋಜನ. ಹಸಿದವನು ಉಣ್ಣುವುದೂ, ರೈತನು ಬಿತ್ತುವುದೂ, ನೀವು ಪರೀಕ್ಷೆಗೆ ಓದುವುದೂ ಸ್ವಾರ್ಥವೇ. (ವ್ಯಾಕರಣದಲ್ಲಿ ಸ್ವಾರ್ಥಪ್ರತ್ಯಯವೆಂಬುದೊಂದುಂಟು, 'ಬಾಲ' ಶಬ್ದಕ್ಕೆ 'ಕ' ಸೇರಿ 'ಬಾಲಕ'ವಾದರೂ ಅರ್ಥ ಬೆಳೆಯದು. ಅಷ್ಟು ನಿರಪಾಯವಾದ ಸ್ವಾರ್ಥ ಲೋಕದಲ್ಲಿ ವಿರಳ!) ನಮ್ಮ ಪ್ರಾಚೀನರು ಅರ್ಥವನ್ನು ಪುರುಷಾರ್ಥಗಳಲ್ಲಿ ಎಣಿಸಿ, ಲೋಭವನ್ನು ಅರಿಷಡ್ವರ್ಗದಲ್ಲಿಟ್ಟರು. ನ್ಯಾಯವಾದ ಸಂಪಾದನೆಗೆ ಅವರ ಆಕ್ಷೇಪಣೆಯಿರಲಿಲ್ಲ.

1776ರಲ್ಲಿ ಆಡಂ ಸ್ಮಿತ್ ಎಂಬ ಪಾಶ್ಚಾತ್ಯ ವಿದ್ವಾಂಸನು, ರೊಟ್ಟಿ ಮಾರುವವನು ತನ್ನ ಹಿತಕ್ಕಾಗಿಯೇ ದುಡಿದರೂ ಅದರಿಂದ ನಮ್ಮ ಹೊಟ್ಟೆ ತುಂಬುವುದೆಂದು ತೋರಿಸಿದನು. ದಿಟವಾದ ಮಾತು. ಆತನೇ 1759ರ ಗ್ರಂಥದಲ್ಲಿ ಅನುಕಂಪದಿಂದ ನೀತಿಯನ್ನು ವಿವರಿಸಿದ್ದನೆಂಬುದನ್ನು, ಅವನ ಹೆಸರು ಹೇಳಿ ಲೋಭವನ್ನು ಹೊಗಳುವವರು ಮರೆಯುತ್ತಾರೆ.

ಆದರೆ ಕೊಳ್ಳುವವನ ಕೈಯಲ್ಲಿ ಕಾಸೇ ಇಲ್ಲದಾಗ? 1876-78ರ ಬರಗಾಲದಲ್ಲಿ ಬಳ್ಳಾರಿ, ಧಾರವಾಡ, ಮೈಸೂರು ಸೀಮೆಗಳ ಜನ ಹಸಿದು ಮಡಿದರು. ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು ಹತ್ತು ಲಕ್ಷ. ಅದೇ ವರ್ಷಗಳಲ್ಲಿ ಭಾರತದ ಗೋದಿ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಹಸಿವಿದ್ದ ಕಡೆಯನ್ನು ಬಿಟ್ಟು ಬೆಲೆಯಿದ್ದ ಕಡೆಗೆ ಧಾನ್ಯ ಹರಿಯಿತು. ಅದನ್ನು ಸಾಗಿಸಿದವರನ್ನು ಕಳ್ಳರೆನ್ನುವಂತಿಲ್ಲ. ತಮ್ಮ ತಮ್ಮ ಲಾಭವನ್ನು ನೋಡಿಕೊಂಡರು, ಅಷ್ಟೆ. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆಯೆಂದು ತೋರುತ್ತದೆ.

ಹಾಗೆಂದು ಕೂಡಿಡುವುದೆಲ್ಲವೂ ಲೋಭವೆನ್ನಲಾರೆ. ಬಯಲುಸೀಮೆಯ ರೈತರು ಹಗೇವುಗಳಲ್ಲಿ ಜೋಳ ತುಂಬಿಡುತ್ತಿದ್ದುದು ಬರದ ಭಯದಿಂದ. ಬೆಲೆ ಇನ್ನೂ ಏರಲೆಂದು ಕಾದನೋ, ನೆರೆಯವನಿಗೆ ಕಡವಾಗಿ ಅಳೆದುಕೊಟ್ಟನೋ ಎಂಬುದರಿಂದ ಹಗೇವಿನ ಒಡೆಯನ ಮನಸ್ಸು ತಿಳಿಯುತ್ತಿತ್ತು.

ವಿದ್ಯಾರ್ಥಿಯು ಮತ್ತೆ ಕೇಳಿದನು: "ಮರುದಿನ ಅಂಗಳದಲ್ಲಿ ಅಕ್ಕಿಯೇ ಚೆಲ್ಲದಿದ್ದರೆ?" ಆ ಮನೆಗೆ ಉಣ್ಣಬರುವ ಜಂಗಮರೂ ಇದ್ದರೆಂಬುದನ್ನು ನೆನೆದರೆ ಪ್ರಶ್ನೆ ಇನ್ನೂ ಕಠಿನವಾಗುತ್ತದೆ. ಲಕ್ಕಮ್ಮನಿಗೂ ಅದು ಹೊಳೆದಿರಬೇಕು. ಹೊಳೆದೂ ಹಿಂದಿರುಗಿಸಿದಳು.