ಮುಷ್ಟಿ ಬಿಗಿಹಿಡಿಯಿರಿ, ಸುಮ್ಮನಿರಿ!

ಬೇಯಿಸಿದ ಕೋಳಿಯ ಒಂದು ಚೂರು. ಕಡಲೆಕಾಳಿನಷ್ಟಿದ್ದರೆ ಸಾಕು! ಮುಷ್ಟಿಯಲ್ಲಿ ಮುಚ್ಚಿ ನಾಯಿಯ ಮೂಗಿನ ಮುಂದೆ ಹಿಡಿಯಿರಿ. ಹೆಸರು ಕೂಗಬೇಡಿ. ಗದರಬೇಡಿ. ಬೆಲ್ಟ್ ಜಗ್ಗಬೇಡಿ. ಈಗ ಏನಾಗುತ್ತೆ? ಊಹಿಸಿ!

ಮೂಸುತ್ತದೆ. ನೆಕ್ಕುತ್ತದೆ. ಪಂಜದಿಂದ ಕೆರೆಯುತ್ತದೆ. ಕುಂಯ್‌ಗುಡುತ್ತದೆ. ಮುಷ್ಟಿ ಬಿಚ್ಚುವುದೇ ಇಲ್ಲ! ಕೊನೆಗೆ, ‘ಏನಪ್ಪಾ ಇವನ ಕಥೆ’ ಎಂಬಂತೆ ತಲೆಯೆತ್ತಿ ನಿಮ್ಮ ಕಣ್ಣನ್ನೇ ನೋಡುತ್ತದೆ.

ಆಗ! ಆ ಕ್ಷಣಕ್ಕೇ ‘ಭೇಷ್!’ ಅನ್ನಿ, ಚೂರು ಕೊಡಿ.

ಆಜ್ಞೆಯೇ ಇಲ್ಲದ ಪಾಠ! ‘ನೋಡಿದರೆ ಬಾಗಿಲು ತೆರೆಯುತ್ತದೆ’ ಎಂದು ನಾಯಿ ತಾನೇ ಕಂಡುಹಿಡಿಯಿತು. ಇನ್ನು ಅದು ಮರೆಯುತ್ತದೆಯೇ?

ಆ ‘ಭೇಷ್’ ಇದೆಯಲ್ಲ, ಅದರದ್ದೇ ಒಂದು ಜಾದೂ. 1951ರಲ್ಲಿ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪ್ರಾಣಿಗಳಿಗೆ ಕಲಿಸುವುದು ಹೇಗೆಂದು ಲೇಖನ ಬರೆದರು. ಅದರಲ್ಲಿ ಅವರು ಸೂಚಿಸಿದ ಉಪಕರಣ ಯಾವುದು ಗೊತ್ತೆ? ಟಿಕ್ ಟಿಕ್ ಎನ್ನುವ ಮಕ್ಕಳ ಆಟಿಕೆ! ನಾಯಿ ಪಳಗಿಸುವವರ ಇಂದಿನ ಕ್ಲಿಕ್ಕರ್ ಅದರದ್ದೇ ಸಂತಾನ. ಸದ್ದು ತಿಂಡಿಗಿಂತ ವೇಗ. ಸರಿಯಾದದ್ದು ಇದೇ ಎಂದು ಆ ಕ್ಷಣಕ್ಕೇ ಮುದ್ರೆ ಒತ್ತುತ್ತದೆ. ತಿಂಡಿ ನಿಧಾನವಾಗಿ ಬಂದರೂ ಅಡ್ಡಿಯಿಲ್ಲ.

ಮಿದುಳಿನೊಳಗೆ ಇಣುಕಿದರೆ ಇನ್ನೂ ಬೆರಗು! ವೋಲ್ಫ್‌ರಾಮ್ ಶುಲ್ಟ್ಸ್ ಎಂಬ ನರವಿಜ್ಞಾನಿ ಕೋತಿಗಳಲ್ಲಿ ಕಂಡದ್ದು ಕೇಳಿ. ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಡೋಪಮೈನ್ ಎಂಬ ರಾಸಾಯನಿಕ ಬಿಡುವ ನರಕೋಶಗಳು ಮಿಡಿಯುತ್ತಿದ್ದವು. ಕಲಿತ ಮೇಲೆ? ರಸಕ್ಕಲ್ಲ, ರಸ ಬರುತ್ತದೆಂದು ಹೇಳುವ ಸಂಕೇತಕ್ಕೇ ಮಿಡಿದವು! ರಸ ಬಂದಾಗ ಮೌನ! ನಿಮ್ಮ ನಾಯಿಗೆ ಆ ಸಂಕೇತವೇ ‘ಭೇಷ್’.

ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿರುವ ಕನ್ನಡಿಗರೇ, ನಿಮಗಂತೂ ಈ ವಿದ್ಯೆ ಬೇಕೇ ಬೇಕು. ಗಲ್ಲಿಗೆ ನಾಲ್ಕು ಬೆಕ್ಕು! ಕಾರುಗಳ ಸಾಲು! 2014ರಲ್ಲಿ ಪ್ರಯಾಣಿಕ ವಿಮಾನಗಳು ಹೊಸ ಹಮದ್ ನಿಲ್ದಾಣಕ್ಕೆ ಹೋದವು, ಸರಿ. ಆದರೆ 2022ರಲ್ಲಿ, ಫುಟ್‌ಬಾಲ್ ವಿಶ್ವಕಪ್‌ಗೆಂದು, ಹಳೆಯ ರನ್‌ವೇ ಮತ್ತೆ ಗುಡುಗಿತು. ಇಷ್ಟರ ನಡುವೆ ನಾಯಿಗೆ ನಿಮ್ಮ ಮುಖವೇ ಹೆಚ್ಚು ರುಚಿಸಬೇಕು!

ಅದಕ್ಕೊಂದು ಉಪಾಯ: ಶುರು ಬೀದಿಯಲ್ಲಲ್ಲ, ಮನೆಯ ಹಾಲ್‌ನಲ್ಲಿ. ಆಮೇಲೆ ಕಾರಿಡಾರ್. ಬೆಕ್ಕಿನ ಸರದಿ ಕೊನೆಗೆ, ಅದೂ ದೂರದಿಂದ. ಬೇಸಿಗೆಯಲ್ಲಿ ಹೊತ್ತು ಮುಳುಗಿದ ಮೇಲೂ ಡಾಂಬರು ಕಾದಿರುತ್ತದೆ. ಅಂಗೈ ಇಟ್ಟು ನೋಡದೆ ಹೆಜ್ಜೆ ಹಾಕಿಸಬೇಡಿ.

ಬಹುಮಾನ ಕೊಟ್ಟು ಕಲಿಸುವ ಈ ಗುಟ್ಟು ಅಮೆರಿಕದ ಲ್ಯಾಬಿನಿಂದಲೇ ಬಂದದ್ದು ಅಂದುಕೊಂಡಿರಾ? ದೋಹಾದಲ್ಲೇ ಇರುವ ಹಳೆಯ ಪೇಟೆ ಸೂಕ್ ವಾಕಿಫ್‌ಗೆ ಹೋಗಿ. ಅಲ್ಲಿ ಗಿಡುಗಗಳಿಗೇ ಒಂದು ಮಾರುಕಟ್ಟೆ, ಗಿಡುಗಗಳಿಗೇ ಒಂದು ಆಸ್ಪತ್ರೆ! ಗಿಡುಗವನ್ನು ಹೊಡೆದು ಪಳಗಿಸಿದವರುಂಟೆ? ಹೆದರಿದ ಹಕ್ಕಿ ಹಾರಿಹೋದರೆ ಮುಗಿಯಿತು, ಆಕಾಶವೇ ಅದರದ್ದು! ಗರಿಯ ಕಟ್ಟೊಂದನ್ನು ಬೀಸುತ್ತಾರೆ, ಮಾಂಸದ ಚೂರು ತೋರಿಸುತ್ತಾರೆ, ಬಂದಾಗ ತಿನ್ನಿಸುತ್ತಾರೆ. ಮರುಭೂಮಿಯ ಜನ ಇದನ್ನು ಸ್ಕಿನ್ನರ್ ಹುಟ್ಟುವ ಎಷ್ಟೋ ತಲೆಮಾರು ಮೊದಲೇ ಬಲ್ಲವರು.

ಈಗ, ಆ ನೋಟದ ಬಗ್ಗೆ ಬಚ್ಚಿಟ್ಟಿದ್ದ ಅಂಕಿ!

2015ರಲ್ಲಿ ಜಪಾನಿನ ಅಜಾಬು ವಿಶ್ವವಿದ್ಯಾಲಯದವರು ನಾಯಿ ಮತ್ತು ಯಜಮಾನರನ್ನು ಅರ್ಧ ಗಂಟೆ ಒಂದೇ ಕೋಣೆಯಲ್ಲಿ ಬಿಟ್ಟರು. ಆಮೇಲೆ ಅಳೆದದ್ದು ಎಲ್ಲಿ? ಮೂತ್ರದಲ್ಲಿ! ಹುಡುಕಿದ್ದು ಆಕ್ಸಿಟೋಸಿನ್, ತಾಯಿ–ಮಗುವಿನ ಬಾಂಧವ್ಯದ ಹಾರ್ಮೋನು. ಅತಿ ಹೆಚ್ಚು ಹೊತ್ತು ಕಣ್ಣಲ್ಲಿ ಕಣ್ಣಿಟ್ಟ ಜೋಡಿಗಳಲ್ಲಿ ನಾಯಿಗಳ ಏರಿಕೆ ಶೇ. 130. ಮನುಷ್ಯರದ್ದು? ಊಹಿಸಿ. ಇನ್ನೂ ಹೆಚ್ಚು. ಇನ್ನೂ!

ಶೇ. 300!

ಮನುಷ್ಯರ ಕೈಯಲ್ಲೇ ಬೆಳೆದ ತೋಳಗಳನ್ನೂ ಪರೀಕ್ಷಿಸಿದರು. ಅವು ಸಾಕಿದವರ ಕಣ್ಣು ನೋಡಿದ್ದೇ ಅಪರೂಪ, ಹಾರ್ಮೋನೂ ಏರಲಿಲ್ಲ. 2019ರ ಇನ್ನೊಂದು ಅಧ್ಯಯನ ಹೇಳಿದ್ದೇನು ಗೊತ್ತೆ? ಒಳಹುಬ್ಬನ್ನು ಮೇಲೆತ್ತಿ ಕಣ್ಣರಳಿಸುವ ಪುಟ್ಟ ಸ್ನಾಯು ನಾಯಿಗಳಲ್ಲಿ ಬಲವಾಗಿದೆ. ತೋಳಗಳಲ್ಲಿ ಅಲ್ಲೊಂದು ಇಲ್ಲೊಂದು ಎಳೆಯಷ್ಟೇ! ಮುಷ್ಟಿಯೆದುರು ನಾಯಿ ಹುಬ್ಬೆತ್ತಿದಾಗ ಒಮ್ಮೆ ಸರಿಯಾಗಿ ಗಮನಿಸಿ. ‘ಭೇಷ್’ ಅನ್ನುವುದನ್ನು ಮಾತ್ರ ಮರೆಯಬೇಡಿ!