ಮದುವೆಯ ಮಾತು ಮುರಿದಾಗ ಕಾನೂನು



ನಿಶ್ಚಿತಾರ್ಥ ಆದ ಮೇಲೆ ಗಂಡಿನ ಕಡೆಯವರು ಬೇಡ ಅಂದರೆ, "ಸ್ಟೇಷನ್ನಿಗೆ ಹೋಗೋಣ್ವಾ ಸಿಸ್ಟರ್?" ಎಂದು ಸಂಘದ ಸಭೆಗಳಲ್ಲಿ ಕೇಳುತ್ತೀರಿ. ಮನಸ್ಸು ಬದಲಾಯಿಸಿದ್ದೇ ಅಪರಾಧವಲ್ಲ. ಮದುವೆಯಾಗು ಎಂದು ಯಾವ ಕೋರ್ಟೂ ಬಲವಂತ ಮಾಡುವುದಿಲ್ಲ. ಆದರೆ ಛತ್ರದ ಮುಂಗಡ, ಜವಳಿ, ಊಟದ ಖರ್ಚಿಗೆ 3 ವರ್ಷದೊಳಗೆ ಸಿವಿಲ್ ದಾವೆ ಹೂಡಿ ಪರಿಹಾರ ಕೇಳಬಹುದು. ಸಂಘದ ಸಾಲ ಎತ್ತಿ ಖರ್ಚು ಮಾಡಿದವರಂತೂ ರಸೀದಿಗಳನ್ನು ಎಸೆಯಲೇಬೇಡಿ. ವರದಕ್ಷಿಣೆ ಕೊಡಲಿಲ್ಲವೆಂದು ಮುರಿದಿದ್ದರೆ, ಅದನ್ನು ಕೇಳಿದ್ದೇ 1961ರ ಕಾಯ್ದೆಯಂತೆ ಅಪರಾಧ.

ಮದುವೆಯಾಗುತ್ತೇನೆಂದು ನಂಬಿಸಿ ದೇಹಸಂಬಂಧ ಬೆಳೆಸಿ ಕೈಬಿಟ್ಟರೆ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಮಿನಂತೆ 10 ವರ್ಷದವರೆಗೆ ಜೈಲು, ಜೊತೆಗೆ ದಂಡ. ಆದರೆ ಮಾತು ಕೊಡುವಾಗಲೇ ಅವನಿಗೆ ಮದುವೆಯಾಗುವ ಉದ್ದೇಶ ಇರಲಿಲ್ಲವೆಂದು ಸಾಬೀತಾಗಬೇಕು. ಇದೇ ಕಷ್ಟ. ಹಳೆಯ ಕಾನೂನಿನ ಕಾಲದಲ್ಲಿ, 2003ರಲ್ಲಿ, ಕರ್ನಾಟಕದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹುಡುಗನನ್ನು ಬಿಟ್ಟಿತು. ಜಾತಿ ಬೇರೆ, ಮದುವೆಗೆ ಅಡ್ಡಿ ಬರುತ್ತದೆಂದು ಅವಳಿಗೂ ಗೊತ್ತಿತ್ತು, ಅಂದಿತು. ಓದಿದಾಗ ನನಗೆ ಸಂಕಟವೇ ಆಯಿತು. ಹುಡುಗಿಗೆ 18 ತುಂಬಿರದಿದ್ದರೆ ಮಾತ್ರ ಒಪ್ಪಿಗೆಯ ಪ್ರಶ್ನೆಯೇ ಬರುವುದಿಲ್ಲ, ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ.

ವಕೀಲರ ಫೀಸಿಗೆ ಹೆದರಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಆದಾಯ ಎಷ್ಟಿದ್ದರೂ ವಕೀಲರ ನೆರವು ಉಚಿತ. ಫೋನ್ 15100.